ಆರಂಭದ ದಿನಗಳನ್ನು ಬರೆದ ಪತ್ರಿಕೆ

ಗೆದ್ದವನ ಸುದ್ದಿಯನ್ನು ಎಲ್ಲ ಪತ್ರಿಕೆಗಳೂ ಬರೆಯುತ್ತವೆ. ಅಂಗಡಿಯ ಬಾಗಿಲನ್ನು ಈಗಷ್ಟೇ ತೆರೆದವನನ್ನು ಕೇಳುವವರಾರು? ಅಂಥವರ ಕಥೆ ಹೇಳಲೆಂದು 2008ರಲ್ಲಿ ಹುಟ್ಟಿದುದು ‘ಯುವರ್‌ಸ್ಟೋರಿ’ ಎಂಬ ಅಂತರ್ಜಾಲ ಪತ್ರಿಕೆ. ಅದರ ಸ್ಥಾಪಕಿ ಶ್ರದ್ಧಾ ಶರ್ಮಾ ಅವರು ಟೈಮ್ಸ್ ಆಫ್ ಇಂಡಿಯಾ, ಸಿಎನ್‌ಬಿಸಿ ಟಿವಿ18 ಸಂಸ್ಥೆಗಳಲ್ಲಿ ದುಡಿದವರು. ನೌಕರಿಯ ಆಸರೆಯನ್ನು ತೊರೆದು ಈ ಸಾಹಸಕ್ಕೆ ಕೈಹಾಕಿದರು. ಬಿಹಾರ ಮೂಲದ ಅವರಿಗೆ ಬೆಂಗಳೂರು ಪರವೂರೇ. ಪತ್ರಿಕೆ ಬೇರೂರಿದುದು ಮಾತ್ರ ಅಲ್ಲಿಯೇ.

2007ರಲ್ಲಿ ಅದೇ ಊರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರುತ್ತ ಆರಂಭವಾಗಿದ್ದಿತು. ಹೊಸ ಉದ್ಯಮಗಳು ಒಂದರ ಹಿಂದೊಂದು ತಲೆಯೆತ್ತುತ್ತಿದ್ದುದರಿಂದ ಕಥೆಗಳಿಗೆ ಬರವಿರಲಿಲ್ಲ. ಕಾಗದ, ಅಚ್ಚುಕೂಟ, ಅಂಚೆಗಳ ವೆಚ್ಚವಿಲ್ಲವಾಗಿ ಸಣ್ಣವರಿಗೂ ಪುಟಗಳಲ್ಲಿ ಎಡೆ ದೊರೆಯಿತು. 2010ರಲ್ಲಿ ಮೊದಲಾದ ‘ಟೆಕ್‌ಸ್ಪಾರ್ಕ್ಸ್’ ಸಮ್ಮೇಳನವು ಉದ್ಯಮಿಗಳನ್ನೂ ಬಂಡವಾಳದಾರರನ್ನೂ ಒಂದೆಡೆ ಕೂಡಿಸಿತು. 2015ರಲ್ಲಿ ರತನ್ ಟಾಟಾ, ಟಿ.ವಿ. ಮೋಹನದಾಸ್ ಪೈ ಮೊದಲಾದವರು ಪತ್ರಿಕೆಯಲ್ಲಿಯೇ ಬಂಡವಾಳ ಹೂಡಿದರು. ಪರರ ಸಾಹಸವನ್ನು ಬರೆಯುತ್ತಿದ್ದ ಪತ್ರಿಕೆ ತಾನೇ ಒಂದು ಸಾಹಸದ ಕಥೆಯಾಯಿತು. ಕನ್ನಡವೂ ಸೇರಿದಂತೆ ಹಲವು ದೇಶಭಾಷೆಗಳಲ್ಲಿ ಅದರ ಲೇಖನಗಳು ಪ್ರಕಟವಾದವು.

ಇದನ್ನು ನೆನೆವಾಗ ನಮ್ಮ ಹಿರಿಯರು ಕಣ್ಮುಂದೆ ಬರುತ್ತಾರೆ. ಮುಂಬಯಿಯಲ್ಲಿ ಉಡುಪಿ ಹೋಟೆಲುಗಳನ್ನು ಕಟ್ಟಿದವರಲ್ಲಿ ಅನೇಕರ ಮೊದಲ ದಿನಗಳು ಯಾವ ಹಾಳೆಯ ಮೇಲೂ ಇಲ್ಲ. ಮನೆಯವರ ನೆನಪಿನಲ್ಲಿ ಮಾತ್ರ ಉಳಿದಿವೆ. ಆ ನೆನಪು ಮಾಸುವ ಮೊದಲೇ, ಮನೆಯ ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿ ಬರೆದಿಡೋಣ. ಹೊರನಾಡಿನಿಂದ ಬಂದ ಮಹಿಳೆಯೊಬ್ಬರು ನಮ್ಮ ನಾಡಿನಲ್ಲಿ ಮಾಡಿದ ಕೆಲಸವನ್ನು, ಹೊರನಾಡಿನಲ್ಲಿರುವ ನಾವು ನಮ್ಮವರಿಗಾಗಿ ಮಾಡಲಾರೆವೇ?