ಕಣ್ಣಿಗೆ ಹತ್ತಿರ, ಕಾಲಿಗೆ ದೂರ

ಯಲಿಯೂರಿನಲ್ಲಿ ರೈಲು ಹತ್ತಿದರೆ ಶ್ರೀರಂಗಪಟ್ಟಣ ನಮಗೆ ದೂರವಲ್ಲ. ಒಮ್ಮೆ ಅದು ಲಂಡನ್ನಿನವರಿಗೂ ಹತ್ತಿರವಾಗಿತ್ತು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಹುತಾತ್ಮರಾದರು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಕೋಟೆಯ ಪತನವನ್ನು ಸುಮಾರು 120 ಅಡಿ ಉದ್ದದ, ಅರ್ಧವೃತ್ತಾಕಾರದ ಚಿತ್ರಪಟವಾಗಿ ಲಂಡನ್ನಿನಲ್ಲಿ ಪ್ರದರ್ಶಿಸಿದನು. ಅದರೆದುರು ನಿಂತವರಿಗೆ ರಣರಂಗದಲ್ಲೇ ಇರುವಂತೆ ಭಾಸವಾಯಿತು. ಆದರೆ ಬರೆದವನೇ ಪಟ್ಟಣವನ್ನು ಕಂಡಿರಲಿಲ್ಲ!

ಕಣ್ಣು ಹೀಗೆ ಮೋಸಹೋಗುವುದೇಕೆ? ಹನ್ನೊಂದನೆಯ ಶತಮಾನದಲ್ಲಿ ಕೈರೋದಲ್ಲಿದ್ದ ವಿದ್ವಾಂಸ ಇಬ್ನುಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಇದನ್ನು ವಿವೇಚಿಸಿದ್ದಾರೆ. ದೂರವನ್ನು ಕಣ್ಣೊಂದೇ ಅರಿಯದು. ನಡುವೆ ಹರಡಿದ ನೆಲವನ್ನೂ ಪರಿಚಿತ ವಸ್ತುಗಳನ್ನೂ ಆಧರಿಸಿ ಬುದ್ಧಿಯು ಅದನ್ನು ನಿರ್ಣಯಿಸುತ್ತದೆ. ಆ ನೆಲದ ಅಳತೆಯನ್ನು ನಮಗೆ ಮೊದಲು ಕಲಿಸಿದವು ನಮ್ಮ ಹೆಜ್ಜೆಗಳೇ.

ಇಂದಿನ ವರ್ಚುವಲ್ ರಿಯಾಲಿಟಿ ಕನ್ನಡಕದೊಳಗೆ ದೂರವು ಇದ್ದುದಕ್ಕಿಂತ ಕಡಿಮೆಯೆನಿಸುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಅದರಲ್ಲಿ ಪವಿತ್ರ ಕಅಬಾವನ್ನೂ ಮನೆಯಲ್ಲೇ ಕಾಣಬಹುದು. ಮಕ್ಕಳಿಗೆ ತೋರಿಸೋಣ, ತವಾಫಿನ ಕ್ರಮವನ್ನು ಕಲಿಸೋಣ. ಆದರೆ ಲಂಡನ್ನಿನವರು ಶ್ರೀರಂಗಪಟ್ಟಣವನ್ನು ಕಂಡರೇ ಹೊರತು ತಲುಪಲಿಲ್ಲ. ಹಜ್ಜ್ ಎಂಬುದು ನೋಟವಲ್ಲ, ಯಾತ್ರೆ. ನಡುವಿನ ದೂರವನ್ನು ಸವೆಸುವುದೂ ಇಬಾದತ್ತೇ. ಆ ದೂರವನ್ನು ನಡೆಯುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.