ಜಗ್ ಮೇಳಗಳಲ್ಲಿ ನಾಲ್ಕು ತಂತಿಯ ಬ್ಯಾಂಜೊ

ಹೆಸರು ಒಂದೇ ಆಗಿದ್ದು ವಾದ್ಯ ಬೇರೆಯಾಗುವುದುಂಟು. ಮುಂಬಯಿಯ ಗಣೇಶೋತ್ಸವದಲ್ಲಿ ಬೆಂಜೊ ಎನಿಸಿಕೊಳ್ಳುವ, ಗುಂಡಿಗಳನ್ನೊತ್ತಿ ನುಡಿಸುವ ತಂತಿವಾದ್ಯವು ಜಪಾನೀ ಮೂಲದ್ದು. ಅಮೆರಿಕದ ಬ್ಯಾಂಜೊವಿಗೂ ಅದಕ್ಕೂ ಹೆಸರಿನ ಹೊರತು ನಂಟಿಲ್ಲ. ಅಮೆರಿಕದಲ್ಲಿಯೂ ಇದೇ ತೊಡಕು. 1920ರ ದಶಕದ ಬ್ಲೂಸ್ ಹಾಗೂ ಜಗ್ ಮೇಳಗಳ ಧ್ವನಿಮುದ್ರಿಕೆಗಳನ್ನು ಅರಿಯಬೇಕಾದರೆ ಮೊದಲು ಬ್ಯಾಂಜೊವಿನ ತಂತಿಗಳನ್ನು ಎಣಿಸಬೇಕು.

ಈ ವಾದ್ಯದ ಮೂಲವು ಪಶ್ಚಿಮ ಆಫ್ರಿಕದ ಸೋರೆಬುರುಡೆಯ ತಂತಿವಾದ್ಯಗಳಲ್ಲಿದೆ. ದಾಸ್ಯಕ್ಕೆ ಸಿಲುಕಿದ ಜನರೊಡನೆ ಅದು ಕೆರಿಬಿಯನ್ ದ್ವೀಪಗಳಿಗೂ ಉತ್ತರ ಅಮೆರಿಕಕ್ಕೂ ಬಂದಿತು. 1840ರ ದಶಕದಲ್ಲಿ, ಮುಖಕ್ಕೆ ಮಸಿ ಬಳಿದುಕೊಂಡು ಆ ಜನರನ್ನೇ ಅಣಕಿಸುತ್ತಿದ್ದ ಬಿಳಿಯರ ರಂಗಮೇಳಗಳು ಅದನ್ನು ಜನಪ್ರಿಯಗೊಳಿಸಿದವು. ಐದು ತಂತಿಯ ರೂಪವು ನೆಲೆಗೊಂಡುದು ಆ ಕಾಲದಲ್ಲಿ. ಅದರ ಗಿಡ್ಡ ಐದನೆಯ ತಂತಿಯು ಆಧಾರಶ್ರುತಿಯಂತೆ ಮಿಡಿಯುತ್ತಿರುತ್ತದೆ.

ಟೆನರ್ ಬ್ಯಾಂಜೊ ಇಪ್ಪತ್ತನೆಯ ಶತಮಾನದ ಆರಂಭದ ಕೂಸು. ಇದರಲ್ಲಿ ಆ ಗಿಡ್ಡ ತಂತಿಯಿಲ್ಲ. ನಾಲ್ಕು ತಂತಿಗಳನ್ನು ಪಿಟೀಲಿನಂತೆ ಪಂಚಮದ ಅಂತರದಲ್ಲಿ ಶ್ರುತಿಗೊಳಿಸಿ, ಚಪ್ಪಟೆಯಾದ ಬಿಲ್ಲೆಯಿಂದ ಮೀಟುತ್ತಾರೆ. ಧ್ವನಿವರ್ಧಕವಿಲ್ಲದ ನೃತ್ಯಶಾಲೆಗಳಲ್ಲಿ ಇದರ ತೀಕ್ಷ್ಣವಾದ ನಾದವು ಗದ್ದಲವನ್ನು ಸೀಳಿಕೊಂಡು ಕೇಳಿಸುತ್ತಿದ್ದಿತು.

ಹೂಜಿಯ ಬಾಯಿಗೆ ತುಟಿಯೊಡ್ಡಿ ಮಂದ್ರಸ್ವರ ಹೊರಡಿಸುವ ಜಗ್ ಮೇಳಗಳು ಕೆಂಟಕಿಯ ಲೂಯಿವಿಲ್ ನಗರದಲ್ಲಿ ಮೊದಲು ಪ್ರಸಿದ್ಧವಾದವು. ಅರ್ಲ್ ಮೆಕ್‌ಡೊನಾಲ್ಡನ ಜಗ್, ಕ್ಲಿಫರ್ಡ್ ಹೇಯ್ಸನ ಪಿಟೀಲು ಇವು 1924ರಲ್ಲಿ ಗಾಯಕಿ ಸಾರಾ ಮಾರ್ಟಿನಳೊಡನೆ ಮುದ್ರಣಗೊಂಡವು. 1926ರ ಡಿಸೆಂಬರಿನಲ್ಲಿ ಇವರ ಡಿಕ್ಸಿಲ್ಯಾಂಡ್ ಜಗ್ ಬ್ಲೋಯರ್ಸ್ ಮೇಳವು ಷಿಕಾಗೋದಲ್ಲಿ ನುಡಿಸಿತು. ಸಾಮಾನ್ಯವಾಗಿ ಡೋಲಿಲ್ಲದ ಇಂಥ ಮೇಳಗಳಲ್ಲಿ ಲಯದ ಭಾರವು ಬ್ಯಾಂಜೊವಿನ ಮೇಲೆಯೇ ಬೀಳುತ್ತಿದ್ದಿತು. ನೃತ್ಯಶಾಲೆಯಲ್ಲಿ ಪಳಗಿದ ನಾಲ್ಕು ತಂತಿಯ ವಾದ್ಯಕ್ಕೆ ಅದು ಒಗ್ಗಿದ ಕೆಲಸ.

ಆದರೆ ಎಲ್ಲ ಬ್ಯಾಂಜೊವನ್ನೂ ಟೆನರ್ ಎಂದು ತಿಳಿಯುವುದು ಸಲ್ಲದು. ಮೆಂಫಿಸಿನಲ್ಲಿ 1928ರಿಂದ 1930ರವರೆಗೆ ತನ್ನ ಜಗ್ ಸ್ಟಾಂಪರ್ಸ್ ಮೇಳವನ್ನು ಮುದ್ರಿಸಿದ ಗಸ್ ಕ್ಯಾನನ್ ನುಡಿಸಿದುದು ಹಳೆಯ ಐದು ತಂತಿಯದನ್ನು. 1924ರಲ್ಲಿಯೇ ಬ್ಲೂಸ್ ಹಾಡಿ ಹೆಸರಾದ ಪಾಪಾ ಚಾರ್ಲಿ ಜ್ಯಾಕ್ಸನ್ನನದು ಗಿಟಾರಿನಂತೆ ಶ್ರುತಿಗೊಳಿಸಿದ ಆರು ತಂತಿಯದು. ಒಂದು ಹಳ್ಳಿಯ ನೆನಪು, ಒಂದು ಗಿಟಾರಿನ ವೇಷ, ಒಂದು ನಗರದ ನಡಿಗೆ: ಮೂರನ್ನೂ ಬೆರಸಿದರೆ ಇತಿಹಾಸವು ಕಲಸಿಹೋಗುತ್ತದೆ.

1925ರಲ್ಲಿ ವಿದ್ಯುತ್ ಮುದ್ರಣವು ಬಂದ ಬಳಿಕ ಗಿಟಾರಿನ ಮೃದುಧ್ವನಿಯೂ ಸ್ಪಷ್ಟವಾಗಿ ದಾಖಲಾಗತೊಡಗಿತು. ಬ್ಯಾಂಜೊವಿನ ಕಟುತ್ವಕ್ಕಿದ್ದ ಬೆಲೆ ಕುಗ್ಗಿತು. ಟೆನರ್ ವಾದಕನು ಬೆರಳ ಅಭ್ಯಾಸವನ್ನು ಬದಲಿಸದೆಯೇ ನಾಲ್ಕು ತಂತಿಯ ಟೆನರ್ ಗಿಟಾರಿಗೆ ಹೊರಳಬಹುದಾಗಿತ್ತು. ಮೆಂಫಿಸ್ ಜಗ್ ಮೇಳದ ಚಾರ್ಲಿ ಬರ್ಸ್ ನುಡಿಸಿದುದು ಅದನ್ನೇ. 1929ರ ಆರ್ಥಿಕ ಕುಸಿತವು ಮುದ್ರಿಕೆಗಳ ಮಾರಾಟವನ್ನೇ ಮುರಿಯಿತು.

ಕ್ಯಾನನ್ 1929ರಲ್ಲಿ ಮುದ್ರಿಸಿದ್ದ ‘ವಾಕ್ ರೈಟ್ ಇನ್’ ಹಾಡು 1963ರಲ್ಲಿ ರೂಫ್‌ಟಾಪ್ ಸಿಂಗರ್ಸ್ ತಂಡದ ಮೂಲಕ ಅಮೆರಿಕದ ಜನಪ್ರಿಯತೆಯ ಪಟ್ಟಿಯ ತುದಿಗೇರಿತು. ಆಗ ಕೇಳಿಸಿದುದು ಹನ್ನೆರಡು ತಂತಿಯ ಗಿಟಾರು. ಬ್ಲೂಸ್ ಎಂದೊಡನೆ ಗಿಟಾರೊಂದೇ ನೆನಪಿಗೆ ಬರುವುದು ಇಂಥ ಮರೆವಿನ ಫಲ. ಆಫ್ರಿಕದಿಂದ ಬಂದು, ಅಣಕಕ್ಕೆ ಗುರಿಯಾಗಿ, ಮತ್ತೆ ಆ ಜನರ ವಂಶಸ್ಥರ ಕೈಯಲ್ಲಿ ಹೊಸ ಲಯ ಪಡೆದ ವಾದ್ಯಕ್ಕೆ ಬ್ಲೂಸಿನ ಚರಿತ್ರೆಯಲ್ಲಿ ಅದರ ಪಾಲು ಸಲ್ಲತಕ್ಕದ್ದು.