ಇಲಿಮರಿಯ ಕಣ್ಣು ಮತ್ತು ನಮ್ಮ ಬಾಯಿ



ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕುಂಬ್ರದ ಸುತ್ತ ಎಲ್ಲಿ ನೋಡಿದರೂ ಅಡಿಕೆ ತೋಟ. ನಮ್ಮ ಎಷ್ಟೋ ಮಕ್ಕಳ ಫೀಸು, ಪುಸ್ತಕ ಎಲ್ಲವೂ ಈ ಅಡಿಕೆಯಿಂದಲೇ. ಆದರೆ ಅದೇ ಅಡಿಕೆ ವರ್ಷಗಟ್ಟಲೆ ದಿನವಿಡೀ ಕೆನ್ನೆಯೊಳಗೆ ಕುಳಿತರೆ ಏನಾಗುತ್ತದೆ? ಅದನ್ನು ತಿಳಿಯಲು ಇಲಿಮರಿಯೊಂದರ ಚರಿತ್ರೆಯಿಂದ ಆರಂಭಿಸಬೇಕು.

ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ನರಗಳನ್ನು ಬೆಳೆಸುವ ವಸ್ತುವೊಂದರ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಇಲಿಯ ಜೊಲ್ಲುಗ್ರಂಥಿಯ ಸಾರವನ್ನು ಆಗತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದಾಗ, ಎರಡು ವಾರಕ್ಕೆ ಕಣ್ಣು ತೆರೆಯಬೇಕಾದ ಮರಿಗಳು ಒಂದೇ ವಾರದಲ್ಲಿ ತೆರೆದವು! ಬೇರೆ ಯಾರಾದರೂ ಆಗಿದ್ದರೆ 'ಇದು ನನ್ನ ವಿಷಯವಲ್ಲ' ಎಂದು ಬಿಟ್ಟುಬಿಡುತ್ತಿದ್ದರೇನೋ. ಅವರು ಬಿಡಲಿಲ್ಲ. 1962ರಲ್ಲಿ ಆ ಸಾರದಿಂದ ಇಜಿಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿಯವರೊಂದಿಗೆ ನೊಬೆಲ್ ಪಡೆದರು.

ಸುದ್ದಿ ಮುಟ್ಟಿಸಲು ಈ ಇಜಿಎಫ್ ಜೀವಕೋಶದ ಒಳಗೆ ಹೋಗಬೇಕಾಗಿಲ್ಲ. ಕೋಶದ ಹೊರಪೊರೆಯಲ್ಲಿ ಇಜಿಎಫ್‌ಆರ್ ಎಂಬ ಗ್ರಾಹಕವಿದೆ. ಶಾಲೆಯಲ್ಲಿ ನೋಟೀಸ್ ಪುಸ್ತಕ ತರಗತಿಯಿಂದ ತರಗತಿಗೆ ಹೋಗುವುದನ್ನು ನೀವು ಕಂಡಿದ್ದೀರಿ. ಹಾಗೆಯೇ ಇಜಿಎಫ್ ಬಂದು ಗ್ರಾಹಕಕ್ಕೆ ತಾಗಿದೊಡನೆ ಸುದ್ದಿ ಒಳಗಿನ ರಾಸ್, ರಾಫ್, ಮೆಕ್, ಎರ್ಕ್ ಎಂಬ ಪ್ರೋಟೀನುಗಳ ಕೈಯಿಂದ ಕೈಗೆ ದಾಟಿ ಕೋಶಕೇಂದ್ರವನ್ನು ತಲುಪುತ್ತದೆ. 'ವಿಭಜನೆಯಾಗು' ಎಂಬುದೇ ಆ ಸುದ್ದಿ. ಗಾಯ ಮಾಯಲು ಇದು ಬೇಕು. ಕೆಲಸ ಮುಗಿದ ಮೇಲೆ ಸುದ್ದಿ ನಿಲ್ಲಲೂ ಬೇಕು.

ನಿಲ್ಲದಿದ್ದರೆ? 1984ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಕೋಳಿಗಳಲ್ಲಿ ಕ್ಯಾನ್ಸರ್ ತರುವ ವೈರಸ್ಸೊಂದರ ವಂಶವಾಹಿಯು ಇದೇ ಗ್ರಾಹಕದ ತುಂಡಾದ ರೂಪವೆಂದು ಲಂಡನ್ನಿನ ಮೈಕೆಲ್ ವಾಟರ್‌ಫೀಲ್ಡ್ ಮತ್ತು ಸಂಗಡಿಗರು ತೋರಿಸಿದರು. ಹೊರಭಾಗವೇ ಇಲ್ಲದ ಈ ಗ್ರಾಹಕ, ಯಾರೂ ಕರೆಯದಿದ್ದರೂ ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಮನುಷ್ಯನ ಬಾಯಿ, ಗಂಟಲಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಸಂದರ್ಭಗಳಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಮಿತಿಮೀರಿರುತ್ತದೆ.

ಹಾಗಾದರೆ ಬಾಗಿಲನ್ನೇ ಮುಚ್ಚಬಾರದೇಕೆ? ಕ್ಯೂಬಾದ ಹವಾನಾದಲ್ಲಿ ರೂಪುಗೊಂಡ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯ ಮಾಡುವುದು ಅದನ್ನೇ. 2006ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪೆನಿ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್‌ಗಾಗಿ ಇದನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ನಮ್ಮ ರಾಜ್ಯಕ್ಕೆ ಹೆಮ್ಮೆಯ ವಿಷಯವೇ ಸರಿ. ಆದರೂ ಒಂದು ಮಾತು: ಬಾಗಿಲು ಮುಚ್ಚಿದರೂ ಒಳಗಿನ ರಾಸ್ ಕೆಟ್ಟಿದ್ದರೆ ಸುದ್ದಿ ಅಲ್ಲಿಂದಲೇ ಹೊರಡುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆಗಳು ಈಗಲೂ ಬೇಕು.

ಇನ್ನು ನಮ್ಮ ಅಡಿಕೆಯ ವಿಷಯ. ಹೊಗೆಸೊಪ್ಪು ಸೇರಿದ ವೀಳ್ಯ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1985ರಲ್ಲಿಯೇ ಹೇಳಿತ್ತು. 'ನಾನು ಹೊಗೆಸೊಪ್ಪು ಹಾಕುವುದಿಲ್ಲ, ಬರೀ ಎಲೆ ಅಡಿಕೆ' ಎಂದು ನಮ್ಮ ಹಿರಿಯರು ಸಮಾಧಾನಪಟ್ಟುಕೊಳ್ಳುವುದುಂಟು. 2004ರ ವರದಿ ಬರೀ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಗಾರರಿಗೆ ಇದು ಹಿತವಾದ ಮಾತಲ್ಲವೆಂದು ನನಗೂ ಗೊತ್ತು.

ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗುತ್ತದೆ, ಖಾರ ತಿಂದರೆ ಉರಿಯುತ್ತದೆ, ಬರಬರುತ್ತಾ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದು ಇನ್ನೂ ಕ್ಯಾನ್ಸರ್ ಅಲ್ಲ, ಮುಂದೆ ಆಗಬಹುದು. ಇಂದು ರಾತ್ರಿ ಮನೆಯಲ್ಲಿ ಎಲೆ ಅಡಿಕೆ ಹಾಕುವವರಿದ್ದರೆ, ಅವರ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹಿಡಿಸಿ ನೋಡಿ. ಹಿಡಿಸದಿದ್ದರೆ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.